ಸಹಾಯ ಬೇಕು: ಅಫ್ಘಾನ್ ವಿದ್ಯಾರ್ಥಿನಿಯ ವೀಸಾ ವಿಚಾರ

ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಕಾಬೂಲ್ ಹುಡುಗಿಯ ಎಂ.ಎಸ್ಸಿ ಮುಗಿಯಿತು. ಮುಂದಿನ ತಿಂಗಳು ಸ್ಟೂಡೆಂಟ್ ವೀಸಾ ಕೂಡ ಮುಗಿಯುತ್ತದೆ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್ ಹಿಡಿದ ಮೇಲೆ, ಗೃಹ ಸಚಿವಾಲಯದ ಒಪ್ಪಿಗೆ ಇಲ್ಲದೆ ಇಲ್ಲಿರುವ ಅಫ್ಘನ್ನರನ್ನು ವಾಪಸ್ ಕಳಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತ್ತು. ಅದು ಈಗಲೂ ಜಾರಿಯಲ್ಲಿದೆಯಾ? ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಇಂಥ ಆದೇಶಗಳೇ ಇವರಿಗೆ ಆಸರೆ, ಅಲ್ವಾ?

ಅಲ್ಲಿ 2022ರ ಡಿಸೆಂಬರ್‌ನಲ್ಲೇ ಹೆಣ್ಣುಮಕ್ಕಳಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿದರು. ಪಿಎಚ್‌.ಡಿ ಮಾಡಬೇಕು ಅನ್ನುವ ಹುಡುಗಿಯನ್ನು ಅಲ್ಲಿಗೆ ಹೇಗೆ ಕಳಿಸುವುದು ಹೇಳಿ?

ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ (ವಿದೇಶಿಯರ ವೀಸಾ, ನೋಂದಣಿ ಕೆಲಸಗಳ ಸರ್ಕಾರಿ ವೆಬ್‌ಸೈಟ್) ಯಾವ ಅರ್ಜಿ ಹಾಕಬೇಕು, ಕಾಲೇಜಿನಿಂದ ಯಾವ ಪತ್ರ ಬೇಕು? ಇತ್ತೀಚೆಗೆ ಮಾಡಿಸಿದವರು, ಈ ಕೆಲಸ ಗೊತ್ತಿರುವ ವಕೀಲರು ದಯವಿಟ್ಟು ಮೆಸೇಜ್ ಮಾಡಿ. ತುಂಬಾ ತುರ್ತಿದೆ.