ಗಂಡಸರ ಮೈಗೆ ಒಪ್ಪುವ ಸ್ಕರ್ಟ್ ಮತ್ತು ಫ್ರಾಕ್: ಟೈಲರಿಗೆ ಏನು ಹೇಳಬೇಕು?

ನೂಲುಂಡೆ (ಪ್ರಶ್ನೆ):
ಲುಂಗಿ ಉಟ್ಟು ಬೆಳೆದ ನನಗೆ ಕಾಲಿಗೆ ಗಾಳಿಯಾಡುವ ಉಡುಪು ಹೊಸದಲ್ಲ. ಆದರೆ ಈಗ ಹೊರಗೆ ತೊಡಲು ಮೊಣಕಾಲುದ್ದದ ಸ್ಕರ್ಟ್ ಹಾಗೂ ಒಂದು ಉದ್ದನೆಯ ಫ್ರಾಕ್ ಬೇಕಾಗಿದೆ. ನನ್ನ ಸೊಂಟ 34 ಇಂಚು, ಸೀಟ್ (ಪೃಷ್ಠದ ಸುತ್ತಳತೆ) 38, ಭುಜ 18. ಹೆಂಗಸರ ವಿಭಾಗದಲ್ಲಿ ಸೊಂಟಕ್ಕೆ ಸರಿಹೋಗುವ ಸ್ಕರ್ಟ್ ಪಕ್ಕಗಳಲ್ಲಿ ಚೀಲದಂತೆ ಉಬ್ಬುತ್ತದೆ, ಸೀಟಿಗೆ ಸರಿಹೋಗುವುದರ ಹುಕ್ಕೇ ಕೂಡುವುದಿಲ್ಲ. ಫ್ರಾಕಂತೂ ಭುಜದಲ್ಲಿ ಬಿಗಿದು ಎದೆಯಲ್ಲಿ ಜೋಲುತ್ತದೆ. ಹೊಲಿಸುವುದಾದರೆ ಏನು ಹೇಳಬೇಕೆಂದು ತಿಳಿದವರು ತಿಳಿಸಬೇಕಾಗಿ ಕೋರುತ್ತೇನೆ.

ಕತ್ತರಿಕೈ:
ಕಾರಣ ನಿಮ್ಮ ಅಳತೆಯಲ್ಲೇ ಇದೆ. ಹೆಂಗಸರ ಸ್ಕರ್ಟಿನ ಕಟಿಂಗ್‌ನಲ್ಲಿ ಸೊಂಟಕ್ಕೂ ಸೀಟಿಗೂ ಸಾಮಾನ್ಯವಾಗಿ 9–10 ಇಂಚು ವ್ಯತ್ಯಾಸ ಇಟ್ಟುಕೊಂಡು, ಆ ವ್ಯತ್ಯಾಸವನ್ನು ಬಟ್ಟೆಯನ್ನು ಮೊನಚಾಗಿ ಮಡಚಿ ಹೊಲಿದ ಮಡಿಕೆಗಳಾದ ಡಾರ್ಟ್‌ಗಳಲ್ಲಿಯೂ ಪಕ್ಕದ ಬಾಗಿದ ಹೊಲಿಗೆಯಲ್ಲಿಯೂ ಹಿಡಿದಿರುತ್ತಾರೆ. ನಿಮ್ಮಲ್ಲಿ ಅದು 4 ಇಂಚು ಮಾತ್ರ. ಆದ್ದರಿಂದ ಪಕ್ಕದ ಹೊಲಿಗೆ ಬಹುಮಟ್ಟಿಗೆ ನೇರವಾಗಿರಲಿ, ಡಾರ್ಟ್‌ಗಳು ಸಣ್ಣದಾಗಿರಲಿ, ಸೊಂಟಪಟ್ಟಿ ನಿಮ್ಮ ಪ್ಯಾಂಟ್ ನಿಲ್ಲುವ ಕಡೆಯೇ ಕೂರಲಿ, ಅಳತೆಯನ್ನೂ ಅಲ್ಲಿಯೇ ತೆಗೆಸಿ. ಸ್ವಲ್ಪ ಹೊಟ್ಟೆಯಿದ್ದರೆ (ಯಾರಿಗಿಲ್ಲ!) ಮುಂಭಾಗದ ಮೇಲ್ತುದಿಗೆ ಮುಕ್ಕಾಲು ಇಂಚು ಬಟ್ಟೆ ಹೆಚ್ಚಿಗೆ ಬಿಡಿಸಿ, ಇಲ್ಲದಿದ್ದರೆ ಉಟ್ಟಾಗ ಮುಂದಿನ ಅಂಚು ಮೇಲೇರಿ ಹಿಂದಿನದು ಜಾರಿದಂತೆ ಕಾಣುತ್ತದೆ.

ಎಳೆಬಿಳಿ:
ಗಂಡಸರಿಗೆಂದೇ ರೂಪುಗೊಂಡ ಕಟಿಂಗ್ ಬೇಕಾದರೆ ಸ್ಕಾಟ್ಲೆಂಡಿನ ಕಿಲ್ಟನ್ನು ಗಮನಿಸಿ: ಮುಂದೆ ಸಪಾಟು, ನೆರಿಗೆಗಳೆಲ್ಲ ಹಿಂದಕ್ಕೆ ಮತ್ತು ಪಕ್ಕಕ್ಕೆ, ಸೊಂಟವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಲು ಪಟ್ಟಿ ಮತ್ತು ಬಕಲ್. ಹಿಂದಿನ ನೆರಿಗೆಯಿಂದ ದೊಡ್ಡ ಹೆಜ್ಜೆ ಹಾಕಲು ಅಡ್ಡಿಯಾಗುವುದಿಲ್ಲ. ಇದೇ ಕ್ರಮವನ್ನು ಸಾದಾ ಹತ್ತಿ ಬಟ್ಟೆಯಲ್ಲಿಯೂ ಹೊಲಿಸಬಹುದು. ಫ್ರಾಕಿಗೆ ಹೆಂಗಸರ ಮಾದರಿಯನ್ನು ಒಯ್ಯಲೇಬೇಡಿ. ನಿಮಗೆ ಚೆನ್ನಾಗಿ ಕೂರುವ ಶರ್ಟೊಂದನ್ನು ಕೊಟ್ಟು, ಅದರ ಭುಜ ಮತ್ತು ತೋಳಿನ ಸುತ್ತಳತೆಯನ್ನು ಹಾಗೆಯೇ ಉಳಿಸಿಕೊಂಡು, ಎದೆಯ ಡಾರ್ಟ್ ಇಲ್ಲದೆ ಕೆಳಕ್ಕೆ ಬೆಳೆಸಲು ಹೇಳಿ.

ಲಾಡಿ:
ಇಷ್ಟೆಲ್ಲ ಬೇಕೇ? ಎಲಾಸ್ಟಿಕ್ ಸೊಂಟದ ಅಥವಾ ಸುತ್ತಿ ಕಟ್ಟುವ ಸ್ಕರ್ಟಿನಲ್ಲಿ ಸೊಂಟದ ತಕರಾರೇ ಇರುವುದಿಲ್ಲ.

ಕತ್ತರಿಕೈ:
ಸೊಂಟದ ತಕರಾರು ಇರುವುದಿಲ್ಲ, ನಿಜ. ಆದರೆ ಸೀಟಿನ ಬಳಿ ಹೆಚ್ಚಿದ ಬಟ್ಟೆ ಹಾಗೆಯೇ ಉಳಿಯುತ್ತದೆ. ಮನೆಗೆ ಅಡ್ಡಿಯಿಲ್ಲ, ಹೊರಗೆ ತೊಡುವುದಕ್ಕೆ ನಾನು ಒಪ್ಪುವುದಿಲ್ಲ.

ನೂಲುಂಡೆ:
ಎಲ್ಲರಿಗೂ ಧನ್ಯವಾದಗಳು. ಹಿಂದೆ ನೆರಿಗೆಯಿರುವ ಸ್ಕರ್ಟನ್ನು ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿಸಿ ನೋಡುತ್ತೇನೆ; ಜೇಬನ್ನು ಪಕ್ಕದ ಹೊಲಿಗೆಯಲ್ಲಿ ಇಡಿಸಬಹುದೇ?

ಎಳೆಬಿಳಿ:
ಇಡಿಸಬಹುದು, ಆದರೆ ಮೊಬೈಲಿನ ಭಾರಕ್ಕೆ ಸ್ಕರ್ಟ್ ಒಂದು ಬದಿಗೆ ಜಗ್ಗದಂತೆ ಜೇಬಿನ ಮೇಲ್ತುದಿಯನ್ನು ಸೊಂಟಪಟ್ಟಿಗೆ ಸೇರಿಸಿ ಹೊಲಿಯಲು ಹೇಳಿ.