ಸಹಾಯ ಬೇಕು: ರಿಸೆಪ್ಷನ್ ಫೋಟೋದಲ್ಲಿ ಎಲ್‌ಇಡಿ ವಾಲ್ ಪಟ್ಟೆ

ನಮಸ್ಕಾರ. ಜೋಡಿಯ ಹಿಂದೆ ಎಲ್‌ಇಡಿ ವಾಲ್ ಇದ್ದಾಗ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತಿದೆ. ಕ್ಯಾಮೆರಾದಲ್ಲಿ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಹಾಗಾಗಿ ಛತ್ರದ ಟ್ಯೂಬ್‌ಲೈಟಿಗೆ 1/100 ಸೆಕೆಂಡ್ ಶಟರ್ ಸ್ಪೀಡ್ ಸಾಕು. ವಾಲ್‌ನ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು) ಲೆಕ್ಕವೇ ಬೇರೆ. ಬ್ರೈಟ್‌ನೆಸ್ ಇಳಿಸಿದರೆ ಕೆಲವು ಪ್ಯಾನೆಲ್‌ಗಳಲ್ಲಿ ಪಟ್ಟೆ ಇನ್ನೂ ಎದ್ದು ಕಾಣುತ್ತದೆ, ಇಳಿಸದಿದ್ದರೆ ಹಿನ್ನೆಲೆ ಸುಟ್ಟುಹೋಗುತ್ತದೆ, ಅಂದರೆ ಬರೀ ಬಿಳಿಯಾಗುತ್ತದೆ.

ಈಗ ನನ್ನ ಸೆಟ್ಟಿಂಗ್: ಶಟರ್ 1/100, ಅಪರ್ಚರ್ (ಲೆನ್ಸ್ ತೆರೆಯುವ ಅಳತೆ) ಎಫ್ 4, ಐಎಸ್‌ಒ (ಬೆಳಕಿನ ಸಂವೇದನೆ) 800, ಎರಡೂ ಬದಿ ಸಾಫ್ಟ್‌ಬಾಕ್ಸ್ ಫ್ಲ್ಯಾಶ್. 1/60ಕ್ಕೆ ಇಳಿದರೆ ಪಟ್ಟೆ ಹೋಗುತ್ತದೆ, ಆದರೆ ಉಡುಗೊರೆ ಕೊಡುವ ಕೈ ಅಲುಗಿದಂತೆ ಬರುತ್ತದೆ. ಮದುವೆ ಫೋಟೋಗೆ ಅದು ಸಲ್ಲದು.

ವಾಲ್ ಆಪರೇಟರ್‌ಗೆ ರಿಫ್ರೆಶ್ ರೇಟ್ 3,840 ಹರ್ಟ್ಸ್‌ಗೆ ಏರಿಸಲು ಹೇಳಿದರೆ ಸಾಕೇ? ಕಾರ್ಯಕ್ರಮದ ನಡುವೆ ಬದಲಿಸಿದರೆ ಸ್ಕ್ರೀನ್ ಕಪ್ಪಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ, ಭಾನುವಾರ ರಿಸೆಪ್ಷನ್ ಇದೆ.