ಗಾಂಜಾ ಪ್ರಕರಣ: ದಂಡ ಕಟ್ಟಿ ಮುಗಿಸುವುದೋ, ಚಿಕಿತ್ಸೆ ಕೇಳುವುದೋ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಶ್ರೀನಿವಾಸಪುರದವರು. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ತಮ್ಮನ ಬಳಿ ಸುಮಾರು 40 ಗ್ರಾಂ ಗಾಂಜಾ ಸಿಕ್ಕಿ, ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಪ್ರಕರಣ ದಾಖಲಾಗಿದೆ. ಜಾಮೀನಿನ ಮೇಲೆ ಮನೆಗೆ ಬಂದಿದ್ದಾನೆ. ಸೇದದಿದ್ದರೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಾನೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ ಎಂದು ಊರಿನ ಹಿರಿಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಅವಸರಪಡಬೇಡಿ. ದಂಡ ಕಟ್ಟಿದರೆ ಪ್ರಕರಣ ಮುಗಿಯಬಹುದು, ಆದರೆ ನಿಮ್ಮ ತಮ್ಮ ಅಪರಾಧಿ ಎಂಬ ತೀರ್ಪು ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಸರ್ಕಾರಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ನಡೆದಾಗ ಅದು ಅಡ್ಡ ಬರಬಹುದು, ಚಟವಂತೂ ಇದ್ದಲ್ಲೇ ಇರುತ್ತದೆ.

1985ರ ಈ ಕಾಯ್ದೆ ಶಿಕ್ಷೆಯನ್ನು ತೂಕದ ಮೇಲೆ ನಿಗದಿಪಡಿಸುತ್ತದೆ. ಒಂದು ಕಿಲೋಗಿಂತ ಕಡಿಮೆ ಗಾಂಜಾಕ್ಕೆ, ಅಂದರೆ ಕಾಯ್ದೆ ಹೇಳುವ ‘ಅಲ್ಪ ಪ್ರಮಾಣ’ಕ್ಕೆ, ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಇದೇ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಆತನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ನಡುವೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಒಂದು ವೇಳೆ ಅಪರಾಧ ಸಾಬೀತಾದರೂ, 39ನೇ ಕಲಂ ಅಡಿ ನ್ಯಾಯಾಲಯವು ಸಜೆ ವಿಧಿಸುವ ಬದಲು, ಆತನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳುಹಿಸಬಹುದು. ಇಂಥ ಕಲಮುಗಳಿವೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮರುಪ್ರಶ್ನೆ: ಎಲ್ಲಿಗೆ ಕರೆದೊಯ್ಯಬೇಕು? ನ್ಯಾಯಾಲಯಕ್ಕೆ ಏನು ತೋರಿಸಬೇಕು?

ಉತ್ತರ: ಈ ರಕ್ಷಣೆ ಇರುವುದು ವ್ಯಸನಿಗೆ; ಒಮ್ಮೆ ರುಚಿ ನೋಡಿದವನಿಗಲ್ಲ. ಆದ್ದರಿಂದ ವೈದ್ಯರ ದಾಖಲೆಯೇ ಮುಖ್ಯ. ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅವರು ಸೂಚಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಸಹಾಯವಾಣಿಗೂ ಉಚಿತವಾಗಿ ಕರೆ ಮಾಡಬಹುದು. ಹೊರರೋಗಿ ಚೀಟಿ, ಮಾತ್ರೆ ಬರೆದ ಹಾಳೆ, ಮೂತ್ರ ಪರೀಕ್ಷೆಯ ವರದಿ ಇವನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. 64ಎ ಕಲಂ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಕೊಡುವ ಅರ್ಜಿಯ ಜೊತೆ ಅವನ್ನೇ ಹಾಜರುಪಡಿಸಬೇಕಾಗುತ್ತದೆ. ಹುಡುಗನನ್ನು ಕೂಡಿಹಾಕಿ ಹೊಡೆದು ಚಟ ಬಿಡಿಸುತ್ತೇವೆನ್ನುವ ನೋಂದಣಿಯಿಲ್ಲದ ಖಾಸಗಿ ಕೇಂದ್ರಗಳಿಗೆ ಮಾತ್ರ ಸೇರಿಸಬೇಡಿ. ಅಲ್ಲಿನ ಕಾಗದ ಈ ಅರ್ಜಿಗೆ ಉಪಯೋಗಕ್ಕೆ ಬಾರದು, ಹುಡುಗನೂ ಇನ್ನಷ್ಟು ಕುಗ್ಗಿಹೋಗುತ್ತಾನೆ.

ವಕೀಲರ ಶುಲ್ಕ ಭರಿಸಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಆದಾಯ ಮಿತಿಯೊಳಗಿದ್ದರೆ ಉಚಿತವಾಗಿ ವಕೀಲರನ್ನು ನೇಮಿಸುತ್ತಾರೆ. ಮುಂದಿನ ವಾಯಿದೆಗೆ ಮೊದಲೇ ಚಿಕಿತ್ಸೆ ಶುರುವಾಗಿರಲಿ.